ಟಪಾಲಪ್ಪನ ಸ್ಟೇಟ್‌ಮೆಂಟ್ ಪೀಸ್

ಸುತ್ತೋಲೆ ಬರೆಯುವುದೂ ಒಂದು ಕಲೆ ಎಂದು ಮನಸಾರೆ ನಂಬಿದ ಮನುಷ್ಯ ಆ ಊರಿನಲ್ಲಿ ಒಬ್ಬನೇ ಇದ್ದ. ಅವನು ಲಿಫ್ಟ್ ತಪಾಸಣಾ ಕಚೇರಿಯ ಟಪಾಲು ಗುಮಾಸ್ತ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನೆಲ್ಲ ವರ್ಷಕ್ಕೊಮ್ಮೆ ನೋಡಿ, ಇದು ಜನರನ್ನು ಮೇಲಕ್ಕೂ ಒಯ್ಯುತ್ತದೆ, ಕೆಳಕ್ಕೂ ತರುತ್ತದೆ ಎಂದು ಪ್ರಮಾಣಪತ್ರ ಕೊಡುವ ಕಚೇರಿ ಅದು. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ಅಂಟು ಹಚ್ಚುವುದು, ನಡುನಡುವೆ ಸುತ್ತೋಲೆ ಬರೆಯುವುದು, ಹೀಗೆ ಇಪ್ಪತ್ತೊಂದು ವರ್ಷ ಕಳೆದಿದ್ದ. ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಸಂಬಳದ ಪಟ್ಟಿಯನ್ನು ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಮೇಡಂ ಮೊದಲುಗೊಂಡು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವನು ಟಪಾಲಪ್ಪ.

ಟಪಾಲಪ್ಪನಲ್ಲಿ ಕೆಟ್ಟ ಗುಣ ಒಂದೂ ಇರಲಿಲ್ಲ. ‘ಗೊತ್ತಿಲ್ಲ’ ಎಂಬ ಮಾತು ಮಾತ್ರ ಅವನ ನಾಲಿಗೆಯ ಮೇಲೆ ಹೊರಳುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ, ತನಗೆ ತಿಳಿಯದಿದ್ದರೂ ಕೈಯೆತ್ತಿ ಒಂದು ದಿಕ್ಕು ತೋರಿಸಿಯೇ ಬಿಡುತ್ತಿದ್ದ. ಹಾಗೆ ಹೋದವರು ಎಲ್ಲಿಗಾದರೂ ತಲುಪಿಯೇ ಇರುತ್ತಾರೆ ಎಂಬುದು ಅವನ ಸಮಾಧಾನ.

ವರ್ಷದ ಕೊನೆಯ ರಜೆಗೆ ಇನ್ನೊಂದು ವಾರವಿತ್ತು. ಮೇಡಂ ಅವನನ್ನು ಒಳಗೆ ಕರೆದರು. ಮೇಡಂ ಅಂದರೆ ಆ ಕಚೇರಿಯ ಮುಖ್ಯ ಅಧಿಕಾರಿ. ಅವರು ಬಂದು ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಅವರು ನಕ್ಕಿದ್ದನ್ನಾಗಲಿ, ಬೂದು ಬಣ್ಣ ಬಿಟ್ಟು ಬೇರೆ ಬಣ್ಣ ತೊಟ್ಟಿದ್ದನ್ನಾಗಲಿ ಕಂಡವರಿರಲಿಲ್ಲ.

“ಟಪಾಲಪ್ಪನವರೇ, ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಮೂರನೇ ಮಹಡಿ ಹಾಲ್‌ನಲ್ಲಿ ಪಾರ್ಟಿ. ಒಂದು ಸುತ್ತೋಲೆ ಹಾಕಿ. ಉಡುಪಿನ ಬಗ್ಗೇನೂ ಒಂದು ಸಾಲು ಸೇರಿಸಿ. ಹೋದ ವರ್ಷ ಯಾರೋ ಗ್ರೀಸ್ ಮೆತ್ತಿದ ಅಂಗೀಲೇ ಬಂದು ಕೇಕ್ ಕತ್ತರಿಸಿದ್ರು.”

“ನನಗೆ ಬಿಡಿ ಮೇಡಂ,” ಅಂದ ಟಪಾಲಪ್ಪ.

‘ಶುಭ್ರವಾದ ಉಡುಪು ಧರಿಸಿ ಬರುವುದು’ ಎಂದು ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಲಾವಿದನಿಗೆ ಅಷ್ಟರಲ್ಲಿ ತೃಪ್ತಿಯಾಗುವುದುಂಟೆ? ಹಿಂದಿನ ಭಾನುವಾರ ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಬಂದವಳು ಒಂದು ಹೊಳೆಯುವ ಪತ್ರಿಕೆಯನ್ನು ಸೋಫಾದ ಮೇಲೆ ಬಿಟ್ಟು ಹೋಗಿದ್ದಳು. ಅವಳು ಬಟ್ಟೆ ವಿನ್ಯಾಸ ಮಾಡುವವಳು. ರಜೆಯ ಪಾರ್ಟಿಗಳಿಗೆ ಏನು ತೊಡಬೇಕು ಎಂಬುದರ ಮೇಲೆ ಆ ಪತ್ರಿಕೆಯಲ್ಲಿ ಹದಿನಾರು ಪುಟಗಳಿದ್ದವು. ಟಪಾಲಪ್ಪ ಅದನ್ನು ಕಾಲು ಪುಟ ಓದಿದ್ದ. ಅದರಲ್ಲಿ ಎರಡು ಮಾತುಗಳು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದವು. ಅರ್ಥ ಮಾತ್ರ ಪತ್ರಿಕೆಯಲ್ಲೇ ಉಳಿದಿತ್ತು.

ಸೋಮವಾರ ಸುತ್ತೋಲೆ ಸಿದ್ಧವಾಯಿತು. ಅದರ ಕೊನೆಯ ಸಾಲುಗಳು ಹೀಗಿದ್ದವು: ‘ಉಡುಪು: ಸ್ಮಾರ್ಟ್ ಕ್ಯಾಶುಯಲ್. ಸಿಬ್ಬಂದಿ ವರ್ಗದವರೆಲ್ಲರೂ ತಪ್ಪದೆ ತಲಾ ಒಂದು ಸ್ಟೇಟ್‌ಮೆಂಟ್ ಪೀಸ್‌ನೊಂದಿಗೆ ಹಾಜರಾಗತಕ್ಕದ್ದು.’

ಮೇಡಂ ಓದಿದರು. ಸಹಿ ಹಾಕಲು ಹೊರಟ ಪೆನ್ನು ಕೊನೆಯ ಸಾಲಿನ ಮೇಲೆ ನಿಂತಿತು. ಕನ್ನಡಕದ ಮೇಲಿಂದ ಟಪಾಲಪ್ಪನನ್ನು ನೋಡಿದರು. ಟಪಾಲಪ್ಪ ಎಲ್ಲ ಬಲ್ಲವನಂತೆ ತಲೆಯಾಡಿಸಿದ. ಮೇಡಂ ಕೂಡ ಅಷ್ಟೇ ಗಂಭೀರವಾಗಿ ತಲೆಯಾಡಿಸಿ ಸಹಿ ಹಾಕಿದರು.

ಸುತ್ತೋಲೆ ಗೋಡೆಗೆ ಅಂಟಿ ಹತ್ತು ನಿಮಿಷ ಆಗಿರಲಿಲ್ಲ, ಬಾಗಿಲು ಕಾಯುವವನು ಬಂದ. “ಟಪಾಲಪ್ಪಾ, ಕ್ಯಾಶುಯಲ್ ಅಂದ್ರೆ ರಜೆ ತಾನೆ? ಪಾರ್ಟಿಗೆ ಬರೋಕೂ ರಜೆ ಹಾಕ್ಬೇಕಾ?”

“ಅದು ಬರೀ ಕ್ಯಾಶುಯಲ್ ಅಲ್ಲಪ್ಪ. ಸ್ಮಾರ್ಟ್ ಕ್ಯಾಶುಯಲ್.”

“ಅಂದ್ರೆ?”

“ಬುದ್ಧಿವಂತರಿಗೆ ಅರ್ಥ ಆಗುತ್ತೆ.”

ಬಾಗಿಲು ಕಾಯುವವನು ತಾನೂ ಬುದ್ಧಿವಂತನೇ ಎಂದು ತೋರಿಸುವುದಕ್ಕೆ ಅಂದೇ ಶುಕ್ರವಾರಕ್ಕೆ ಅರ್ಧ ದಿನದ ರಜೆ ಅರ್ಜಿ ಬರೆದುಕೊಟ್ಟ. ಅವನನ್ನು ನೋಡಿ ಲೆಕ್ಕದ ವಿಭಾಗದ ಇಬ್ಬರು ಕೊಟ್ಟರು. ಟಪಾಲಪ್ಪ ಮೂರಕ್ಕೂ ಮೊಹರು ಒತ್ತಿದ.

ಇಷ್ಟಾಗಿದ್ದರೆ ಪರವಾಗಿರಲಿಲ್ಲ. ಊಟದ ಹೊತ್ತಿಗೆ ಉಗ್ರಾಣದ ಅಕ್ಕ ಬಂದರು. ಕಚೇರಿಯ ಬಲ್ಬು, ಬಕೆಟ್ಟು, ಪರದೆ, ಪೊರಕೆ ಎಲ್ಲ ಅವರ ವಶದಲ್ಲಿ. ಐವತ್ತು ದಾಟಿದ ಹೆಂಗಸು, ದೊಡ್ಡ ಗಂಟಲು. ಆದರೆ ಅವತ್ತು ದನಿ ತಗ್ಗಿಸಿದ್ದರು.

“ಟಪಾಲಪ್ಪ, ಈ ಸ್ಟೇಟ್‌ಮೆಂಟ್ ಅಂದ್ರೆ ಏನು?”

“ಸ್ಟೇಟ್‌ಮೆಂಟ್ ಅಂದ್ರೆ ಹೇಳಿಕೆ ಅಕ್ಕ. ಅಷ್ಟೂ ಗೊತ್ತಿಲ್ವಾ?”

“ಹೇಳಿಕೇನಾ? ಯಾವುದರ ಬಗ್ಗೆ?”

ಟಪಾಲಪ್ಪನಿಗೆ ಹಿಂದೆ ಹೋಗುವ ದಾರಿ ಇರಲಿಲ್ಲ. ಮುಂದಕ್ಕೆ ಹೋದ.

“ಅದು ಅವರವರಿಗೇ ಗೊತ್ತಿರುತ್ತಲ್ಲ ಅಕ್ಕ.”

ಅಕ್ಕನ ಕೈಲಿದ್ದ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿ ನಿಂತಿತು. ಅವರು ಅದನ್ನು ಎತ್ತಿಕೊಳ್ಳಲೂ ಇಲ್ಲ. ಸೀದಾ ಟೈಪಿಸ್ಟ್ ಹುಡುಗಿಯ ಮೇಜಿಗೆ ಹೋದರು. ಸಂಜೆ ಐದರ ಹೊತ್ತಿಗೆ ಇಡೀ ಕಚೇರಿಗೆ ಒಂದು ವಿಷಯ ಖಚಿತವಾಗಿತ್ತು: ಪಾರ್ಟಿ ಅನ್ನುವುದು ಬರೀ ನೆಪ. ಮೇಡಂ ಎಲ್ಲರಿಂದಲೂ ಬರಹದಲ್ಲಿ ತಪ್ಪೊಪ್ಪಿಗೆ ತೆಗೆದುಕೊಳ್ಳುತ್ತಾರೆ. ಕೇಕ್ ತಿನ್ನಿಸಿ ತೆಗೆದುಕೊಳ್ಳುತ್ತಾರೆ ಎಂಬುದೇ ಹೆಚ್ಚು ಭಯದ ಸಂಗತಿ.

ಮೇಡಂ ಕೂಡ ಮರುದಿನದಿಂದ ವಿಚಿತ್ರವಾಗಿ ನಡೆದುಕೊಳ್ಳತೊಡಗಿದರು. ಯಾವತ್ತೂ ಕೋಣೆ ಬಿಟ್ಟು ಬಾರದವರು ಮೇಜಿಂದ ಮೇಜಿಗೆ ತಿರುಗಿದರು. ಒಬ್ಬೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು. ಟೈಪಿಸ್ಟ್ ಹುಡುಗಿಯ ಕಿವಿಯ ಓಲೆಯನ್ನು ಅರ್ಧ ನಿಮಿಷ ದಿಟ್ಟಿಸಿ, ನಿಟ್ಟುಸಿರು ಬಿಟ್ಟು ಮುಂದೆ ಹೋದರು. ಉಗ್ರಾಣದ ಅಕ್ಕನ ಮುಂದೆ ನಿಂತು, ಅವರು ತೊಟ್ಟ ಹೂವಿನ ಚಿತ್ತಾರದ ಕುಪ್ಪಸದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, “ಈ ಬಟ್ಟೆ ಎಲ್ಲಿಂದ ತಂದ್ರಿ?” ಎಂದು ಕೇಳಿದರು.

ಅಕ್ಕ ಅಲ್ಲೇ ಕುರ್ಚಿಯ ಮೇಲೆ ಕುಸಿದರು. ಯಾಕೆಂದರೆ ಅದು ನಾಲ್ಕು ವರ್ಷದ ಹಿಂದೆ ಹಾಲ್‌ಗೆ ಪರದೆ ಹೊಲಿಸಿದಾಗ ಉಳಿದ ಬಟ್ಟೆ.

“ಎಲ್ಲಾ ಗೊತ್ತು ಅವರಿಗೆ!” ಎಂದು ಮೇಡಂ ಹೋದ ಮೇಲೆ ಅಕ್ಕ ಟಪಾಲಪ್ಪನ ತೋಳು ಹಿಡಿದು ಅಲ್ಲಾಡಿಸಿದರು. “ಎರಡು ಮೀಟರು ಕಣಪ್ಪ, ಬರೀ ಎರಡು ಮೀಟರು! ಅದನ್ನೂ ಕಂಡು ಹಿಡಿದಿದ್ದಾರಲ್ಲ!”

ಟೈಪಿಸ್ಟ್ ಹುಡುಗಿ ಪಾರ್ಟಿಗೆಂದು ಗಿಳಿಹಸಿರು ಬಣ್ಣದ, ನೆಲ ಮುಟ್ಟುವ ಹೊಸ ಉಡುಪು ಕೊಂಡಿದ್ದಳು. ಅದನ್ನು ಚೀಲದಿಂದ ಅರ್ಧ ಹೊರಗೆಳೆದು ತೋರಿಸಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು.

“ಅಣ್ಣಾ, ಇದನ್ನ ಹಾಕ್ಕೊಂಡು ತಪ್ಪೊಪ್ಪಿಗೆ ಕೊಟ್ರೆ ಪಶ್ಚಾತ್ತಾಪ ಇಲ್ಲ ಅಂದ್ಕೋತಾರಲ್ವಾ?”

ಆಗಲಾದರೂ ಟಪಾಲಪ್ಪ ನಿಜ ಹೇಳಬಹುದಿತ್ತು. ಬಾಯಿ ತೆರೆದ ಕೂಡ. ಆದರೆ ಹೊರಬಿದ್ದದ್ದು, “ಬೂದು ಬಣ್ಣ ವಾಸಿ ಕಣಮ್ಮ,” ಎಂಬ ಮಾತು. ಹುಡುಗಿ ಹಸಿರನ್ನು ಮಡಿಸಿ, ಬಹಳ ಹೊತ್ತು ಸವರಿ, ಕೆಳಗಿನ ಖಾನೆಯಲ್ಲಿಟ್ಟಳು. ಟಪಾಲಪ್ಪ ಬೇರೆ ಕಡೆ ನೋಡುತ್ತಾ ಖಾಲಿ ಹಾಳೆಗೊಂದು ಮೊಹರು ಒತ್ತಿದ.

ಅತಿ ಹೆಚ್ಚು ಸೊರಗಿದವರು ಇನ್ಸ್‌ಪೆಕ್ಟರು. ಕಟ್ಟಡಗಳಿಗೆ ಹೋಗಿ ಲಿಫ್ಟುಗಳನ್ನು ಪರೀಕ್ಷಿಸುವ ಹಿರಿಯರು. ಹನ್ನೊಂದು ವರ್ಷದ ಅನುಭವ, ಗಿರಿಜಾ ಮೀಸೆ, ಊರಿನ ಕಟ್ಟಡದ ಮಾಲೀಕರೆಲ್ಲ ಎದ್ದು ನಿಲ್ಲುವ ಗತ್ತು. ಅಂಥವರು ಟಪಾಲಪ್ಪನ ಕಿಟಕಿಯ ಹತ್ತಿರ ಬಂದು, “ಹೇಳಿಕೆ ಎಷ್ಟು ಪುಟ ಇರಬಹುದು?” ಎಂದು ಪಿಸುಗುಟ್ಟಿದರು.

“ವಿಷಯದ ಮೇಲೆ ಹೋಗುತ್ತೆ ಸಾರ್.”

“ನನ್ನ ವಿಷಯ ಸ್ವಲ್ಪ ಎತ್ತರದ್ದು,” ಎಂದು ಅವರು ಒಂದು ದಸ್ತು ಬಿಳಿ ಹಾಳೆ ತೆಗೆದುಕೊಂಡು ಹೋದರು.

ಹೀಗೆ ಊರಿಗೆಲ್ಲ ದಿಕ್ಕು ತೋರಿಸಿದವನಿಗೆ ಬುಧವಾರ ಒಂದು ಸಣ್ಣ ಸಂಶಯ ಹುಟ್ಟಿತು. ತನ್ನ ಸ್ಟೇಟ್‌ಮೆಂಟ್ ಪೀಸ್ ಎಲ್ಲಿ? ಪತ್ರಿಕೆಯಲ್ಲಿ ಅದು ಬಟ್ಟೆಯ ವಿಷಯದಲ್ಲೇ ತಾನೆ ಬಂದಿದ್ದು? ಮತ್ತೆ ಓದೋಣವೆಂದರೆ ಆ ಪುಟ ಸಿಗಲಿಲ್ಲ. ಹೆಂಡತಿ ಅದನ್ನು ಹರಿದು ಮಡಿಸಿ, ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದಳು. ಅದು ಅವನಿಗೆ ತಿಳಿಯದು. ನಾದಿನಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಅವಳು ನಗುತ್ತಾಳೆ. ನಾದಿನಿಯ ನಗು ಒಮ್ಮೆ ಶುರುವಾದರೆ ಮೂರು ಮನೆಗೆ ಕೇಳುತ್ತದೆ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಬೇಲಿಯ ಹತ್ತಿರ ಹಿಡಿದು ಉಪಾಯವಾಗಿ ಕೇಳಿದ. “ಮೇಷ್ಟ್ರೇ, ಈ ಸ್ಟೇಟ್‌ಮೆಂಟ್ ಪೀಸ್ ಬಗ್ಗೆ ನಿಮ್ಮ ಅಭಿಪ್ರಾಯ ಏನು?”

ಮೇಷ್ಟ್ರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ಆಕಾಶ ನೋಡಿದರು. ಅವರೂ ನಲವತ್ತು ವರ್ಷ ಪಾಠ ಹೇಳಿದವರು. ‘ಗೊತ್ತಿಲ್ಲ’ ಅನ್ನುವ ಅಭ್ಯಾಸ ಅವರಿಗೂ ಇರಲಿಲ್ಲ. “ಈಗಿನ ಕಾಲಕ್ಕೆ ಬೇಕು ಅಂತೀನಿ,” ಅಂದರು. “ಆದರೆ ಅತಿ ಆಗಬಾರದು.”

ಅಲ್ಲಿಂದ ಟಪಾಲಪ್ಪ ದೊಡ್ಡ ಬೀದಿಯ ಬಟ್ಟೆ ಅಂಗಡಿಗೆ ಹೋದ.

“ಒಂದು ಪೀಸ್ ಬೇಕಾಗಿತ್ತು.”

“ಶರ್ಟ್ ಪೀಸಾ ಸಾರ್, ಪ್ಯಾಂಟ್ ಪೀಸಾ?”

“ಸ್ಟೇಟ್‌ಮೆಂಟ್ ಪೀಸ್.”

ಅಂಗಡಿಯವನು ಅರೆಗಳಿಗೆ ಕಣ್ಣು ಮಿಟುಕಿಸಿದ. ಆಮೇಲೆ ಹಣೆ ಬಡಿದುಕೊಂಡ. “ಅಯ್ಯೋ, ಅದಾ! ಈಗ ತಾನೆ ಖಾಲಿ ಆಯ್ತು ಸಾರ್. ಕೊನೇದು ಒಬ್ಬರು ಒಯ್ದರು. ಈ ಸೀಸನ್ನಲ್ಲಿ ಅದಕ್ಕೆ ಏನು ಬೇಡಿಕೆ ಅಂತೀರಿ!”

“ಯಾವ ಬಣ್ಣದ್ದಿತ್ತು?”

“ಯಾವ ಬಣ್ಣದ್ದು ಬೇಕಿತ್ತು ನಿಮಗೆ?”

“ಮರಳಿನ ಬಣ್ಣ.”

“ಅದೇ ಇತ್ತು ನೋಡಿ!”

ಇಬ್ಬರೂ ಬಹಳ ವಿಷಾದದಿಂದ ಬೀಳ್ಕೊಂಡರು.

ಶುಕ್ರವಾರ ಬೆಳಿಗ್ಗೆ ಟಪಾಲಪ್ಪನೂ ಅರ್ಧ ದಿನದ ರಜೆ ಹಾಕಿ ಮನೆಯಲ್ಲಿ ಉಳಿದ. ಹನ್ನೊಂದು ಗಂಟೆಗೆ ನಾದಿನಿ ಪತ್ರಿಕೆ ವಾಪಸು ಒಯ್ಯಲು ಬಂದಳು. ಭಾವ ಬೀರುವಿನ ಮುಂದೆ ಕೈಕಟ್ಟಿ ನಿಂತಿದ್ದ. ಒಳಗೆ ಏಳು ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಏಳೂ ಮರಳಿನ ಬಣ್ಣ, ಇಲ್ಲವೇ ಅದರ ಹತ್ತಿರದ ಸಂಬಂಧಿಗಳು.

“ಏನು ಭಾವ, ಯಾರಾದ್ರೂ ಹೋಗಿಬಿಟ್ರಾ?”

“ಪಾರ್ಟಿಗೆ ಹೋಗ್ಬೇಕು ಕಣಮ್ಮ. ಸ್ಟೇಟ್‌ಮೆಂಟ್ ಪೀಸ್ ಇದ್ರೇನೇ ಬಿಡೋದು. ಯಾವುದಿರಬಹುದು ಅಂತ ನೋಡ್ತಿದ್ದೆ.”

“ಇದರಲ್ಲಿ ಎಲ್ಲಿದೆ? ಸ್ಟೇಟ್‌ಮೆಂಟ್ ಪೀಸ್ ಅಂದ್ರೆ ಮೈಮೇಲೆ ಒಂದೇ ಒಂದು, ಎದ್ದು ಕಾಣೋ ಹಾಗಿರಬೇಕು. ಮಿಕ್ಕಿದ್ದೆಲ್ಲ ಸಾದಾ. ಒಂದು ದೊಡ್ಡ ಸರ, ಒಂದು ಗಾಢ ಬಣ್ಣದ ಕೋಟು, ಹೀಗೆ. ಅದನ್ನ ನೋಡಿದ ತಕ್ಷಣ ಇವರು ಯಾರು ಅಂತ ಜನ ತಿರುಗಿ ನೋಡ್ಬೇಕು.”

“ಅಂದ್ರೆ... ಬರೆಯೋದಲ್ವಾ?”

“ಏನು ಬರೆಯೋದು?”

ಟಪಾಲಪ್ಪ ಮಂಚದ ಮೇಲೆ ಕೂತ. ಇನ್ಸ್‌ಪೆಕ್ಟರು ಒಯ್ದ ಹಾಳೆಗಳು ಒಂದೊಂದಾಗಿ ಕಣ್ಣ ಮುಂದೆ ಹಾರಿ ಹೋದವು. ಎಲ್ಲವನ್ನೂ ಹೇಳಿದ. ನಾದಿನಿ ನಕ್ಕಳು. ಮೂರು ಮನೆಗಲ್ಲ, ಬೀದಿಯ ತುದಿಯವರೆಗೆ ಕೇಳಿರಬೇಕು. ಹೆಂಡತಿ ಮಾತ್ರ ನಗಲಿಲ್ಲ. ಒಲೆ ಆರಿಸಿ ಬಂದು, “ರೀ, ಈಗಲೇ ಹೋಗಿ ಎಲ್ಲರಿಗೂ ಹೇಳಿಬಿಡಿ. ಪಾಪ, ಆ ಹುಡುಗಿ ಹಸಿರು ಬಟ್ಟೆ ಮಡಿಸಿಟ್ಟಿದ್ದಾಳೆ,” ಅಂದಳು.

“ಹೇಳೋಕಾದ್ರೂ ಹಾಲ್‌ಗೆ ಹೋಗ್ಬೇಕಲ್ಲ. ಬರಿಗೈಲಿ ಹೋಗೋದು ಹೇಗೆ? ಸುತ್ತೋಲೆ ಬರೆದೋನೇ ಸುತ್ತೋಲೆ ಮೀರಿದ ಹಾಗಾಗುತ್ತೆ.”

ನಾದಿನಿ ಕುರ್ಚಿ ಹತ್ತಿ ಬೀರುವಿನ ಮೇಲೆ ತಡಕಾಡಿದಳು. ಹಳೆಯ ಕಾಗದದಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದಳು. ಕಡುಗೆಂಪು ಸ್ವೆಟರು, ಎದೆಯ ಮೇಲೆ ಊಟದ ತಟ್ಟೆಯಷ್ಟಗಲದ ಸೂರ್ಯಕಾಂತಿ ಹೂವು. ಎಡತೋಳು ಸರಿಯಾಗಿತ್ತು. ಬಲತೋಳು ಮಾತ್ರ ಒಂದು ಗೇಣು ಉದ್ದವಾಗಿ, ಏನನ್ನೋ ಹುಡುಕಿಕೊಂಡು ಹೋದಂತಿತ್ತು.

“ಇದು! ಭಾವ, ಇದೇ!”

“ಇದಾ? ಇದು ಸ್ವಲ್ಪ...” ಎಂದು ಟಪಾಲಪ್ಪ ಹೆಂಡತಿಯ ಕಡೆ ನೋಡಿದ. ಮದುವೆಯಾದ ಹೊಸತರಲ್ಲಿ ಅವಳೇ ಹೆಣೆದದ್ದು.

“ಬಿಡೇ, ಅವರು ಹಾಕ್ಕೊಳ್ಳಲ್ಲ,” ಅಂದಳು ಹೆಂಡತಿ, ತಂಗಿಯ ಕಡೆ ತಿರುಗಿ. “ಹದಿನೆಂಟು ವರ್ಷದಿಂದ ಸರಿಯಾದ ಚಳಿ ಬರಲಿ ಅಂತ ಕಾಯ್ತಿದ್ದಾರೆ.”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ಟಪಾಲಪ್ಪ ಸ್ವೆಟರಿನೊಳಗೆ ತಲೆ ತೂರಿಸಿದ. ಹೊರಗೆ ಬರುವಾಗ ಕೂದಲು ಕೆದರಿ, ಮುಖ ಕೆಂಪಾಗಿ, ಸೂರ್ಯಕಾಂತಿಯ ಮೇಲೆ ಇನ್ನೊಂದು ಹೂವು ಅರಳಿದ ಹಾಗೆ ಕಂಡ. ಹೆಂಡತಿ ಬಲತೋಳನ್ನು ಎರಡು ಮಡಿಕೆ ಮಡಿಸಿದಳು. ಆಮೇಲೆ ಯಾಕೋ ಅಡುಗೆಮನೆಗೆ ಹೋಗಿ, ಆರಿಸಿದ ಒಲೆಯನ್ನೇ ಮತ್ತೆ ಆರಿಸಿದಳು.

ಗೇಟಿನ ಹತ್ತಿರ ಮೇಷ್ಟ್ರು ಹೂವನ್ನು ನೋಡಿ, “ಏನಯ್ಯಾ ಇದು?” ಅಂದರು.

“ಹೇಳಿಕೆ,” ಅಂದ ಟಪಾಲಪ್ಪ, ನಿಲ್ಲದೆ.

“ಅತಿ ಆಗಬಾರದು ಅಂದಿದ್ದೆ!” ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು.

ಬಸ್ಸು ತಡವಾಗಿ ಬಂತು. ಅವನು ಹಾಲ್ ಮುಟ್ಟುವಾಗ ಮೂರಾಗಲು ಐದು ನಿಮಿಷ. ಬಾಗಿಲಲ್ಲೇ ನಿಂತುಬಿಟ್ಟ. ಗೋಡೆಗೆ ಬಣ್ಣದ ಕಾಗದ, ಬಲೂನು, ಮೇಜಿನ ಮೇಲೆ ಕೇಕು. ಅವುಗಳ ನಡುವೆ ಕಚೇರಿಯ ಒಂಬತ್ತು ಜನ ಬೂದು, ಕಪ್ಪು, ಬಿಳಿ ತೊಟ್ಟು ನ್ಯಾಯಾಲಯದಲ್ಲಿ ಕೂಗಿಗೆ ಕಾಯುವವರ ಹಾಗೆ ಸಾಲಾಗಿ ಕೂತಿದ್ದಾರೆ. ಕೇಕಿನ ಪಕ್ಕ ಮಿಂಚು ಕಾಗದ ಸುತ್ತಿದ ಒಂದು ಪೆಟ್ಟಿಗೆ. ಅದರೊಳಗೆ ಒಂಬತ್ತು ಲಕೋಟೆ.

“ಒಂದು ನಿಮಿಷ ಕೇಳಿ, ಈ ಹೇಳಿಕೆ ಅನ್ನೋದು...” ಎಂದು ಟಪಾಲಪ್ಪ ಶುರುಮಾಡಿದ.

“ಈಗ ಏನೂ ಹೇಳಬೇಡ ಮಾರಾಯ,” ಎಂದು ಉಗ್ರಾಣದ ಅಕ್ಕ ಕೈ ಮುಗಿದರು. “ಮೂರು ದಿನ ಕೂತು ಬರೆದು ಮನಸ್ಸು ಹಗುರ ಮಾಡ್ಕೊಂಡಿದೀನಿ. ಮತ್ತೆ ಭಾರ ಮಾಡಬೇಡ.” ಆಮೇಲೆ ಸ್ವೆಟರು ನೋಡಿ, “ನಿನ್ನ ತಪ್ಪು ಅಷ್ಟು ದೊಡ್ಡದಾ?” ಅಂದರು.

ಅಷ್ಟರಲ್ಲಿ ಮೇಡಂ ಬಂದರು. ಬೂದು ಬಣ್ಣದ ಉಡುಪೇ ನಿಜ. ಆದರೆ ಕೊರಳಲ್ಲಿ ಕಿತ್ತಳೆ ಬಣ್ಣದ ಮರದ ಮಣಿಗಳ ಸರ. ಒಂದೊಂದು ಮಣಿಯೂ ನಿಂಬೆಹಣ್ಣಿನ ಗಾತ್ರ. ಅವರು ನಡೆದರೆ ಮಣಿಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎಂದು ಸದ್ದಾಗುತ್ತಿತ್ತು. ಆ ಮೌನದಲ್ಲಿ ಅದು ಬಡಗಿ ಮನೆಗೆ ಬಂದಂತೆ ಕೇಳಿಸಿತು. ಯಾರೂ ಸರವನ್ನು ನೋಡಲಿಲ್ಲ; ಎಲ್ಲರ ಕಣ್ಣೂ ನೆಲದ ಮೇಲೆ. ಮೇಡಂ ಒಂದು ಸುತ್ತು ನೋಡಿದರು. ಅವರ ಕೈ ಮೆಲ್ಲಗೆ ಸರದ ಮೇಲೆ ಹೋಗಿ ಅದನ್ನು ಮುಚ್ಚಲು ನೋಡಿತು. ಒಂದು ಕೈಗೆ ಮುಚ್ಚುವಂಥ ಸರವಲ್ಲ ಅದು.

“ಓ, ಶುಭಾಶಯ ಪತ್ರಗಳಾ?” ಎಂದು ಮಾತು ತಿರುಗಿಸಿ, ಮೇಲಿನ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು. “‘ಪೂಜ್ಯ ಮೇಡಂ ಅವರಿಗೆ, ಹಾಲ್‌ನ ಪರದೆಯ ಉಳಿಕೆ ಬಟ್ಟೆ ಎರಡು ಮೀಟರನ್ನು ನಾನು ಮೈಮೇಲೆ ಹಾಕಿಕೊಂಡಿರುವುದು ನಿಜ.’ ಏನಿದು?”

ಸಾಕ್ಷಿಗೆಂದು ಬಿಳಿ ಸೀರೆಯೊಳಗೆ ಅದೇ ಕುಪ್ಪಸ ತೊಟ್ಟು ಬಂದಿದ್ದ ಉಗ್ರಾಣದ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿದರು. ಮೇಡಂ ಅರ್ಥವಾಗದೆ ಎರಡನೆಯದನ್ನು ಒಡೆದರು. “‘ಬಾಗಿಲ ಹತ್ತಿರದ ಗಿಡ ನನ್ನ ಅಜಾಗ್ರತೆಯಿಂದ ಸತ್ತು ಎರಡು ವರ್ಷವಾಯಿತು. ಈಗ ಅಲ್ಲಿರುವುದು ಪ್ಲಾಸ್ಟಿಕ್ಕು. ದಯವಿಟ್ಟು ಕ್ಷಮಿಸಿ. ಇಂತಿ, ಟೈಪಿಸ್ಟ್.’”

“ಪ್ಲಾಸ್ಟಿಕ್ಕಾ!” ಎಂದು ಬಾಗಿಲು ಕಾಯುವವನು ಎದ್ದು ನಿಂತ. “ಎರಡು ವರ್ಷದಿಂದ ದಿನಾ ನೀರು ಹಾಕ್ತಿದೀನಲ್ಲಮ್ಮ! ಹೋದ ತಿಂಗಳು ಗೊಬ್ಬರ ಬೇರೆ ಹಾಕ್ದೆ! ಚೆನ್ನಾಗಿ ಬಂದಿದೆ ಅಂತ ಊರೆಲ್ಲ ಹೇಳ್ಕೊಂಡು ಬಂದೆ!”

ಮೂರನೆಯ ಲಕೋಟೆ ಎಲ್ಲಕ್ಕಿಂತ ದಪ್ಪಗಿತ್ತು. ಮೇಡಂ ಅದಕ್ಕೆ ಕೈ ಹಾಕಿದರು. ಇನ್ಸ್‌ಪೆಕ್ಟರ ಎರಡು ಕೈಯೂ ಕುರ್ಚಿಯನ್ನು ಹಿಡಿದವು, ಕಣ್ಣು ಮುಚ್ಚಿತು. ಟಪಾಲಪ್ಪ ಅದನ್ನು ಕಂಡ. ನಿಂತಲ್ಲಿಂದ ಹೇಗೆ ಹೊರಟ, ಮೇಜನ್ನು ಹೇಗೆ ಸುತ್ತಿದ, ಅವನಿಗೇ ಗೊತ್ತಾಗಲಿಲ್ಲ. ಪೆಟ್ಟಿಗೆಯನ್ನು ಸೂರ್ಯಕಾಂತಿಗೆ ಅಪ್ಪಿಕೊಂಡು ನಿಂತಿದ್ದ. ಲಕೋಟೆಯೂ ಅವನ ಕೈಯಲ್ಲೇ ಇತ್ತು.

“ಓದಬೇಡಿ ಮೇಡಂ! ಇವರದ್ಯಾರದ್ದೂ ತಪ್ಪಿಲ್ಲ. ಸ್ಟೇಟ್‌ಮೆಂಟ್ ಪೀಸ್ ಅಂದ್ರೆ ಏನೂಂತ ಕೇಳಿದ್ರು. ನನಗೆ...” ಇಪ್ಪತ್ತೊಂದು ವರ್ಷದಲ್ಲಿ ಅಂಥ ಮಾತು ಅವನ ಗಂಟಲ ಮೂಲಕ ಹಾದು ಬಂದಿರಲಿಲ್ಲ. “ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಹೇಳಿಕೆ ಅಂದ್ಬಿಟ್ಟೆ. ಇವತ್ತು ಬೆಳಿಗ್ಗೆ ತಿಳೀತು. ಅದು ಎದ್ದು ಕಾಣೋ ಹಾಗೆ ತೊಡೋ ಒಂದು ವಸ್ತು ಅಂತೆ. ನಿಮ್ಮ ಕೊರಳಲ್ಲಿದೆಯಲ್ಲ, ಅದು. ನೀವೊಬ್ಬರೇ ಸರಿಯಾಗಿ ಅರ್ಥ ಮಾಡ್ಕೊಂಡಿದ್ದು.”

ಮೊದಲು ತಲೆಯೆತ್ತಿದ್ದು ಟೈಪಿಸ್ಟ್. “ಹಾಗಾದ್ರೆ ವಿಚಾರಣೆ ಇಲ್ವಾ?”

“ಯಾವ ವಿಚಾರಣೆ?” ಅಂದರು ಮೇಡಂ.

“ಮತ್ತೆ ನನ್ನ ಕುಪ್ಪಸ ಹಿಡಿದು ಎಲ್ಲಿಂದ ತಂದ್ರಿ ಅಂತ ಕೇಳಿದ್ರಲ್ಲ!” ಎಂದು ಅಕ್ಕ ಸೆರಗಿನೊಳಗಿಂದಲೇ ಕೇಳಿದರು.

“ಚೆನ್ನಾಗಿತ್ತು. ಅದಕ್ಕೆ ಕೇಳಿದೆ.” ಮೇಡಂ ಕುರ್ಚಿಯ ಮೇಲೆ ಕೂತರು. ಮಣಿಗಳು ಟಕ್ಕೆಂದವು. “ನನಗೂ ಎಲ್ಲಿ ಗೊತ್ತಿತ್ತು? ಟಪಾಲಪ್ಪನವರು ತಲೆ ಆಡಿಸಿದ್ರು, ನಾನೂ ಆಡಿಸಿ ಸಹಿ ಹಾಕಿದೆ. ಮನೆಗೆ ಹೋಗಿ ಮಗಳನ್ನ ಕೇಳಿದೆ. ಅವಳು ಈ ಸರ ಕೊಟ್ಟು, ‘ಅಮ್ಮಾ, ಒಂದು ದಿನ ಆದ್ರೂ ಧೈರ್ಯ ಮಾಡು’ ಅಂದಳು. ಮೂರು ದಿನ ಕನ್ನಡಿ ಮುಂದೆ ಹಾಕಿ ತೆಗೆದು ಮಾಡಿದೀನಿ. ನೀವೆಲ್ಲ ಏನು ಹಾಕ್ಕೋತೀರೋ ಅಂತ ಮೇಜು ಮೇಜಿಗೂ ಬಂದು ನೋಡಿದೆ. ಇಲ್ಲಿಗೆ ಬಂದ್ರೆ ಒಬ್ಬರೂ ನನ್ನ ಕಡೆ ನೋಡ್ತಾನೇ ಇಲ್ಲ. ಅಷ್ಟು ಕೆಟ್ಟದಾಗಿದೆಯೇನೋ ಅಂದ್ಕೊಂಡೆ.”

“ಇಲ್ಲ ಮೇಡಂ!” ಎಂದು ಒಂಬತ್ತೂ ಜನ ಒಟ್ಟಿಗೆ ಕೂಗಿದರು. ಆ ಕಚೇರಿ ಎಂದೂ ಯಾವುದಕ್ಕೂ ಅಷ್ಟು ಒಮ್ಮತದಿಂದ ಉತ್ತರ ಕೊಟ್ಟಿರಲಿಲ್ಲ.

ಮೇಡಂ ಒಡೆದ ಎರಡು ಪತ್ರಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿದರು. “ಟಪಾಲಪ್ಪನವರೇ, ಇವುಗಳ ಮೇಲೆ ಮೊಹರು ಇದೆಯಾ?”

“ಇಲ್ಲ ಮೇಡಂ.”

“ನಂಬರು?”

“ಇಲ್ಲ.”

“ಹಾಗಾದ್ರೆ ಈ ಕಾಗದಗಳು ಕಚೇರಿಗೆ ಬಂದೇ ಇಲ್ಲ. ಅವರವರಿಗೆ ವಾಪಸು ಕೊಡಿ. ಆ ಎರಡು ಮೀಟರು ಪರದೆ ಬಟ್ಟೆಯಂತೂ ಪರದೆಯಾಗಿದ್ದಕ್ಕಿಂತ ಈಗಲೇ ಚೆನ್ನಾಗಿ ಕಾಣುತ್ತೆ.” ಆಮೇಲೆ ಅವರ ದೃಷ್ಟಿ ಸೂರ್ಯಕಾಂತಿಯ ಮೇಲೆ ನಿಂತಿತು. “ಇದನ್ನ ಯಾರು ಹೆಣೆದದ್ದು?”

“ನಮ್ಮ ಮನೆಯವಳು.”

“ಪುಣ್ಯವಂತರು ನೀವು,” ಅಂದರು ಮೇಡಂ, ಮತ್ತು ನಕ್ಕರು. ನಕ್ಕದ್ದನ್ನು ಹತ್ತು ಜನ ಕಂಡರು.

ಟೈಪಿಸ್ಟ್ ಹುಡುಗಿ ಆಗಲೇ ಓಡಿದ್ದಳು. ಐದು ನಿಮಿಷದಲ್ಲಿ ಗಿಳಿಹಸಿರು ನೆಲ ಗುಡಿಸುತ್ತಾ ವಾಪಸು ಬಂತು. ಬಾಗಿಲು ಕಾಯುವವನು, “ಇದಾದ್ರೂ ನಿಜವಾದ ಹಸಿರಾ?” ಎಂದು ಮುಟ್ಟಿ ನೋಡಿ, ಅವಳು ಕೊಟ್ಟ ಕೇಕಿನ ಎರಡು ತುಂಡಿಗೆ ಕ್ಷಮಿಸಿದ.

ಇನ್ಸ್‌ಪೆಕ್ಟರು ಮಾತ್ರ ತಮ್ಮ ದಪ್ಪ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ನಿಂತಿದ್ದರು. ಜೇಬಿಗೆ ಹಾಕಿಕೊಂಡರು, ತೆಗೆದರು. ಕೊನೆಗೆ ಮೇಡಂ ಮುಂದೆ ಹೋಗಿ ನಿಂತರು.

“ಬರೆದದ್ದು ಬಂದಿಲ್ಲ ಅಂದ್ರಿ. ಬಾಯಲ್ಲೇ ಹೇಳಿಬಿಡ್ತೀನಿ. ಇನ್ನು ಹೊರೋಕಾಗಲ್ಲ.” ಅವರು ಲಕೋಟೆಯನ್ನು ಮತ್ತೆ ಜೇಬಿಗೆ ತುರುಕಿದರು. “ಮೇಡಂ, ನನಗೆ ಲಿಫ್ಟ್ ಅಂದ್ರೆ ಭಯ.”

ಇಡೀ ಹಾಲ್ ಅವರ ಕಡೆ ತಿರುಗಿತು.

“ಯಂತ್ರ ನೋಡ್ತೀನಿ. ತಂತಿ, ಬ್ರೇಕು, ಬಾಗಿಲು, ಒಂದೊಂದನ್ನೂ ಎರಡೆರಡು ಸಲ ನೋಡ್ತೀನಿ. ಅದರಲ್ಲಿ ಮೋಸ ಮಾಡಿಲ್ಲ. ಒಳಗೆ ಹತ್ತೋದು ಮಾತ್ರ ಆಗಲ್ಲ. ಸಹಾಯಕನನ್ನ ಹತ್ತಿಸಿ ಕಳಿಸಿ, ನಾನು ಮೆಟ್ಟಿಲಲ್ಲಿ ಓಡಿ ಹೋಗಿ ಮೇಲೆ ಕಾಯ್ತೀನಿ. ಹನ್ನೊಂದು ವರ್ಷ ಆಯ್ತು.”

“ನೀವು ಆರೋಗ್ಯಕ್ಕೆ ಮೆಟ್ಟಿಲು ಹತ್ತೋದು ಅಂದ್ಕೊಂಡು ನಮ್ಮ ಯಜಮಾನರಿಗೆ ದಿನಾ ಬೈತಿದ್ದೆನಲ್ಲ!” ಅಂದರು ಉಗ್ರಾಣದ ಅಕ್ಕ.

ಮೇಡಂ ನಗಲಿಲ್ಲ. ಎದ್ದು, ಸರವನ್ನು ನೇರ ಮಾಡಿಕೊಂಡು, “ಬನ್ನಿ,” ಅಂದರು. “ನಾನು ಇದನ್ನ ಹಾಕ್ಕೊಂಡು ಬೀದೀಲಿ ನಡೆದು ಬಂದೆ. ನೀವು ಮೂರು ಮಹಡಿ ಇಳಿಯೋಕಾಗಲ್ವಾ? ನಾವೂ ಬರ್ತೀವಿ.”

ಕೇಕನ್ನು ಬಿಟ್ಟು ಇಡೀ ಪಾರ್ಟಿ ಲಿಫ್ಟಿನ ಬಾಗಿಲಿಗೆ ಬಂತು. ಹಿಡಿದಷ್ಟು ಜನ ಒಬ್ಬೊಬ್ಬರಾಗಿ ನುಗ್ಗಿದರು. ಇನ್ಸ್‌ಪೆಕ್ಟರು ಕೊನೆಗೆ ಕಣ್ಣು ಮುಚ್ಚಿಕೊಂಡು ಒಂದು ಕಾಲಿಟ್ಟರು, ಇನ್ನೊಂದು ಕಾಲಿಟ್ಟರು. ಕೈಗೆ ಸಿಕ್ಕಿದ್ದು ಟಪಾಲಪ್ಪನ ಎಡತೋಳು. ಅದನ್ನೇ ಬಿಗಿಯಾಗಿ ಹಿಡಿದರು.

“ಎಷ್ಟು ಜನ?” ಎಂದು ಮುಚ್ಚಿದ ಕಣ್ಣಿಂದಲೇ ಕೇಳಿದರು.

“ಒಂಬತ್ತು ಸಾರ್.”

“ಎಂಟಕ್ಕಿಂತ ಹೆಚ್ಚು ಹತ್ತೋ ಹಾಗಿಲ್ಲ. ಒಬ್ಬರು ಇಳೀರಿ. ನಿಯಮ ಅಂದ್ರೆ ನಿಯಮ.”

ಲೆಕ್ಕದ ವಿಭಾಗದವನೊಬ್ಬ ಇಳಿದ. ಬಾಗಿಲು ಮುಚ್ಚಿತು. ಲಿಫ್ಟು ಒಮ್ಮೆ ಅದುರಿ ಹೊರಟಿತು. ಇನ್ಸ್‌ಪೆಕ್ಟರು ಸ್ವೆಟರಿನ ತೋಳನ್ನು ತಮ್ಮ ಎದೆಗೆ ಎಳೆದುಕೊಂಡರು. ಉಣ್ಣೆ ಎಳೆದಷ್ಟೂ ಬಂತು. ಟಪಾಲಪ್ಪ ಬಿಡಿಸಿಕೊಳ್ಳಲಿಲ್ಲ.

“ಸಾರ್, ಈಗ ಏನಾಗುತ್ತೆ?” ಎಂದು ಟೈಪಿಸ್ಟ್ ಸಣ್ಣ ದನಿಯಲ್ಲಿ ಕೇಳಿದಳು. ಅವಳಿಗೂ ಸ್ವಲ್ಪ ಭಯವಾಗಿತ್ತು.

“ಎರಡನೇ ಮಹಡಿ ಹತ್ತಿರ ಕಿರ್ ಅನ್ನುತ್ತೆ. ಅದು ಹಳಿಗೆ ಎಣ್ಣೆ ಸಾಲದ್ದಕ್ಕೆ. ಹೆದರ್ಬೇಡ,” ಅಂದರು ಇನ್ಸ್‌ಪೆಕ್ಟರು, ತಾವು ಗಡಗಡ ನಡುಗುತ್ತಾ. ಕಿರ್ ಅಂದಿತು. “ನೋಡಿದ್ಯಾ?”

ನೆಲಮಹಡಿಯಲ್ಲಿ ಲಿಫ್ಟು ಮೆಲ್ಲಗೆ ಕೂತಿತು. ಬಾಗಿಲು ತೆರೆಯಿತು. ಎದುರಿಗೆ ಒಬ್ಬ ದಪ್ಪ ಮನುಷ್ಯ ಕಂಕುಳಲ್ಲಿ ಕಡತ ಇಟ್ಟುಕೊಂಡು ನಿಂತಿದ್ದ. ಯಾವುದೋ ಕಟ್ಟಡದ ಮಾಲೀಕ. ಒಳಗೆ ನಿಂಬೆಗಾತ್ರದ ಕಿತ್ತಳೆ ಮಣಿಗಳ ಮುಖ್ಯ ಅಧಿಕಾರಿ, ಗಿಳಿಹಸಿರು ಹುಡುಗಿ, ಪರದೆಯ ಕುಪ್ಪಸ, ಎದೆಯ ಮೇಲೆ ಸೂರ್ಯಕಾಂತಿ ಹೊತ್ತ ಗುಮಾಸ್ತ, ಅವನ ತೋಳಿಗೆ ಜೋತುಬಿದ್ದ ಗಿರಿಜಾ ಮೀಸೆ.

“ನಮ್ಮ ಲಿಫ್ಟಿನ ಪ್ರಮಾಣಪತ್ರ ಕೇಳೋಕೆ ಬಂದಿದ್ದೆ,” ಅಂದ ಅವನು, ಯಾರ ಮುಖ ನೋಡಿ ಹೇಳಬೇಕೆಂದು ತಿಳಿಯದೆ.

“ಬಂತಾ?” ಎಂದು ಇನ್ಸ್‌ಪೆಕ್ಟರು ಟಪಾಲಪ್ಪನ ಕಿವಿಯಲ್ಲಿ ಕೇಳಿದರು.

“ಬಂತು ಸಾರ್. ನೆಲಕ್ಕೇ ಬಂದಿದೀವಿ.”

ಇನ್ಸ್‌ಪೆಕ್ಟರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಕೈಕಾಲು ಇವೆಯೇ ಎಂದು ನೋಡಿಕೊಂಡರು. ಮೀಸೆ ನೇವರಿಸಿ, ಹನ್ನೊಂದು ವರ್ಷದ ಗತ್ತನ್ನೆಲ್ಲ ಒಟ್ಟುಮಾಡಿ ಬಂದವನ ಕಡೆ ತಿರುಗಿದರು.

“ಈಗ ತಪಾಸಣೆ ನಡೀತಾ ಇದೆ, ಕಾಣ್ಸಲ್ವಾ? ಆಮೇಲೆ ಬನ್ನಿ. ಟಪಾಲಪ್ಪ, ಐದನೇದು ಒತ್ತಿ. ಇನ್ನೊಂದು ಸಲ ಹೋಗಿ ಬರೋಣ.”

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಎಂಟು ಜನರ ನಗು ಮೇಲೇರುತ್ತಾ ಹೋಯಿತು. ಮಾಲೀಕ ಅಲ್ಲೇ ನಿಂತು ಒಂದು ಗಳಿಗೆ ಯೋಚಿಸಿದ. ಆಮೇಲೆ ಕಡತವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಮೆಟ್ಟಿಲಿನ ಕಡೆಗೆ ನಡೆದ.